ಕೆಂಪೆಲೆ ನೋಡಬೇಕಾ? ಅಕ್ಟೋಬರ್ ಬಿಡಿ, ಫೆಬ್ರವರಿಗೆ ಹೊರಡಿ

ಕಾಶ್ಮೀರದ ಚಿನಾರ್ ಕೆಂಪಾಗಿದ್ದನ್ನ ರೀಲ್‌ನಲ್ಲಿ ನೋಡಿ, ದಸರಾ ರಜೆಗೆ ಮಕ್ಕಳನ್ನ ಕಟ್ಟಿಕೊಂಡು ನಮ್ಮ ಘಟ್ಟ ಹತ್ತಿದ್ರೆ ಸಿಗೋದು ಬರೀ ಹಸಿರು. ಮಳೆ ಆಗಷ್ಟೇ ಮುಗಿದಿರುತ್ತೆ. ಎಲೆ ಉದುರಿಸೋ ದರ್ದು ಮರಕ್ಕೆ ಇನ್ನೂ ಬಂದಿರಲ್ಲ.

ನಮ್ಮಲ್ಲಿ ಬಣ್ಣ ಬರೋದು ಫೆಬ್ರವರಿ, ಮಾರ್ಚ್‌ನಲ್ಲಿ. ಅದೂ ಉದುರೋ ಎಲೆಗಲ್ಲ, ಚಿಗುರಿಗೆ! ಸಾಗಡೆ ಮರ ನೋಡಿ, ಹಿಂದಿಯವರ ಕುಸುಂ. ಇಡೀ ನೆತ್ತಿ ರಕ್ತಗೆಂಪು. ದೂರದಿಂದ ಹೂವೇ ಅನ್ಸುತ್ತೆ. ಎಳೆ ಎಲೆಯಲ್ಲಿ ಪತ್ರಹರಿತ್ತು ಇನ್ನೂ ತುಂಬಿರಲ್ಲ, ಹಾಗಾಗಿ ಆಂಥೋಸಯನಿನ್ ಅನ್ನೋ ಕೆಂಪು ಬಣ್ಣ ಎದ್ದು ಕಾಣುತ್ತೆ. ಸುಡುಬಿಸಿಲಿಂದ ಚಿಗುರನ್ನ ಕಾಯೋದು ಅದರ ಕೆಲಸ ಅಂತಾರೆ ವಿಜ್ಞಾನಿಗಳು. ಎಲೆ ಬಲಿತ್ರೆ ಆಟ ಮುಗೀತು, ಮತ್ತೆ ಹಸಿರು. ಮಾವು, ನಾಗಸಂಪಿಗೆ ಚಿಗುರೂ ಹೀಗೇ.

ಎಲ್ಲಿ ಹೋಗ್ಬೇಕು? ಅಂಕೋಲಾದಿಂದ ಯಲ್ಲಾಪುರಕ್ಕೆ ಹೋಗೋ ಅರಬೈಲ್ ಘಟ್ಟ ಇದೆ. ಆದ್ರೆ ಲಾರಿ ಸಾಲು. ತಿರುವಲ್ಲಿ ಗಾಡಿ ನಿಲ್ಸಿ ಸೆಲ್ಫಿ ಬೇಡವೇ ಬೇಡ. ಸಂಸಾರ ಸಮೇತ ಅಂದ್ರೆ ನನ್ನ ಮತ ಕಾರವಾರ, ಕದ್ರಾ, ಅಣಶಿ ದಾರಿಗೆ. ಬೆಳಿಗ್ಗೆ ಬೇಗ ಹೊರಡಿ, ಸೂರ್ಯ ಎಲೆಯ ಹಿಂದಿರುವಾಗ ನೋಡಿ. ಅಣಶಿ ಕಾಡು ಕಾಳಿ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿದ್ದು, ರಸ್ತೆ ಬಿಟ್ಟು ಒಳಗೆ ಇಳಿಯೋ ಹಾಗಿಲ್ಲ.

ಅಜ್ಜಿಗೆ ಘಟ್ಟದ ತಿರುವು ಆಗಲ್ವಾ? ಕಡಲತೀರದ ಕಾಡುಬಾದಾಮಿ ಮರ ಸಾಕು. ಅದು ಹಳೇ ಎಲೆಯನ್ನೇ ಕೆಂಪು ಮಾಡಿ ಉದುರಿಸೋ ಜಾತಿ. ಮಕ್ಕಳು ಎಲೆ ಹೆಕ್ಕಲಿ. ಒಣಗಿದ ಕಾಯಿ ಸಿಕ್ರೆ ಕಲ್ಲಲ್ಲಿ ಜಜ್ಜಿ ಬೀಜ ತಿನ್ಲಿ.