ಪೆಟ್ಟಿಗೆಯೊಳಗೊಂದು ಏಣಿ

ನಮ್ಮ ಕಾಪುವಿನ ಮನೆಯ ಚಾವಡಿಯಲ್ಲಿ ಈಗ ಎರಡು ಎತ್ತರದ ಮರದ ಪೆಟ್ಟಿಗೆಗಳು ನಿಂತಿವೆ. ಹೊಸದಾಗಿ ಬಂದವರು ನೋಡಿ, "ಇದೆಂತ ಮಾರಾಯ್ರೆ, ಅಕ್ಕಿ ತುಂಬಿಸ್ಲಿಕ್ಕಾ?" ಎಂದು ಕೇಳುತ್ತಾರೆ. ಅಲ್ಲ, ಅವು ಸ್ಪೀಕರ್ ಪೆಟ್ಟಿಗೆಗಳು. ನಾನು, ಎಂಟನೇ ಕ್ಲಾಸಿನ ನನ್ನ ಮೊಮ್ಮಗಳು ಮತ್ತು ಕಾರ್ಕಳದ ಕಡೆಯ ಒಬ್ಬ ಆಚಾರ್ಯರು ಸೇರಿ ಕಟ್ಟಿದ್ದು. ಅಂಗಡಿಯಲ್ಲಿ ಸಿಗುವುದನ್ನು ಮನೆಯಲ್ಲಿ ಯಾಕೆ ಮಾಡಬೇಕಿತ್ತು ಎಂಬ ಪ್ರಶ್ನೆಗೆ ಉತ್ತರ ಒಂದು ಕ್ಯಾಸೆಟ್ಟಿನಲ್ಲಿದೆ.

1987ರ ಮಳೆಗಾಲದಲ್ಲಿ ನಮ್ಮ ಇದೇ ಚಾವಡಿಯಲ್ಲಿ ಒಂದು ತಾಳಮದ್ದಳೆ ನಡೆದಿತ್ತು. ನನ್ನ ಅಣ್ಣ ಮದ್ದಳೆಗೆ ಕೂತಿದ್ದರು. ಬೊಂಬಾಯಿಯಿಂದ ಬಂದಿದ್ದ ಭಾವ ತನ್ನ ಟೇಪ್ ರೆಕಾರ್ಡರನ್ನು ಅಣ್ಣನ ಮೊಣಕಾಲಿನ ಹತ್ತಿರವೇ ಇಟ್ಟು ರೆಕಾರ್ಡ್ ಮಾಡಿದ್ದರು. ಅಣ್ಣ ಈಗ ಇಲ್ಲ. ಅವರ ಕೈಯ ಪೆಟ್ಟು ಉಳಿದಿರುವುದು ಆ ಒಂದು ಕ್ಯಾಸೆಟ್ಟಿನಲ್ಲಿ ಮಾತ್ರ. ಕಳೆದ ವರ್ಷ ಕಪಾಟು ಖಾಲಿ ಮಾಡುವಾಗ ಅದು ಸಿಕ್ಕಿತು. ಟೇಪಿನ ಅಂಚಿಗೆ ಆಗಲೇ ಬೂಷ್ಟು ಹಿಡಿದಿತ್ತು. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಊರು ನಮ್ಮದು, ಬೂಷ್ಟು ಹಿಡಿಯದ್ದು ಯಾವುದುಂಟು? ಹೆಚ್ಚು ಸಲ ಓಡಿಸಿದರೆ ಟೇಪೇ ಹೋದೀತು ಎಂದು ಹೆದರಿ, ಹತ್ತಿಯಿಂದ ಮೆಲ್ಲ ಒರೆಸಿ, ಒಂದೇ ಸಲ ಓಡಿಸಿ 'ಎ' ಬದಿಯನ್ನು ಕಂಪ್ಯೂಟರಿಗೆ ಇಳಿಸಿಕೊಂಡೆವು.

ಮೊಮ್ಮಗಳು ಅದನ್ನು ಮೊಬೈಲಿಗೆ ಹಾಕಿ ಅತ್ತಿಗೆಗೆ ಕೇಳಿಸಿದಳು. ಅತ್ತಿಗೆಗೆ 78 ವರ್ಷ, ಕಿವಿ ಸ್ವಲ್ಪ ಮಂದ. ಬಹಳ ಹೊತ್ತು ಕೇಳಿದರು. ಆಮೇಲೆ, "ಭಾಗವತರ ಪದ ಸಣ್ಣಕೆ ಕೇಳ್ತದೆ. ಇವರ ಬಲಗೈ ಕೇಳ್ತದೆ. ಎಡಗೈ ಎಲ್ಲಿ ಹೋಯ್ತು?" ಎಂದರು.

ಮದ್ದಳೆ ನೋಡಿದ ಮಕ್ಕಳಿಗೆ ಇದು ಗೊತ್ತಿರಬಹುದು. ಅದರ ಬಲಬದಿಯಲ್ಲಿ ಕಪ್ಪು ಕರಣೆ ಇರುತ್ತದೆ, ಅಲ್ಲಿಂದ ಹೊರಡುವುದು ಗಟ್ಟಿ ಸ್ವರ. ಎಡಬದಿಯದು ತಗ್ಗಿದ, ತುಂಬಿದ ದನಿ. ಮೊಬೈಲಿನೊಳಗಿನ ಸ್ಪೀಕರು ಹುಣಿಸೆ ಬೀಜದಷ್ಟು. ತಗ್ಗಿದ ಸ್ವರ ಹೊರಡಿಸಬೇಕಾದರೆ ತುಂಬ ಗಾಳಿಯನ್ನು ತಳ್ಳಬೇಕು. ಹುಣಿಸೆ ಬೀಜ ಎಷ್ಟು ತಳ್ಳೀತು? ಅಣ್ಣನ ಎಡಗೈ ರೆಕಾರ್ಡಿನಲ್ಲಿ ಇತ್ತು, ಹೊರಗೆ ಬರುತ್ತಿರಲಿಲ್ಲ ಅಷ್ಟೆ. "ಅಜ್ಜ, ದೊಡ್ಡ ಸ್ಪೀಕರ್ ಮಾಡುವನಾ?" ಎಂದು ಮೊಮ್ಮಗಳು ಕೇಳಿದ್ದು ಅಂದೇ.

ನಾನು ಅಂಚೆ ಇಲಾಖೆಯಲ್ಲಿದ್ದವನು, ಇಂಜಿನಿಯರ್ ಅಲ್ಲ. ಆದರೆ ಹಳೇ ರೇಡಿಯೋ ಬಿಚ್ಚುವ ಚಟ ಚಿಕ್ಕಂದಿನಿಂದಲೂ ಉಂಟು. ಉಡುಪಿಯ ಎಲೆಕ್ಟ್ರಾನಿಕ್ಸ್ ಅಂಗಡಿಯಿಂದ ಎಂಟು ಇಂಚಿನ ಎರಡು ವೂಫರ್, ಒಂದು ಇಂಚಿನ ಎರಡು ಟ್ವೀಟರ್, ತಗ್ಗು ಸ್ವರವನ್ನೂ ಏರು ಸ್ವರವನ್ನೂ ಬೇರೆ ಮಾಡಿ ಕಳಿಸುವ ಕ್ರಾಸ್‌ಓವರ್ ಎಂಬ ಸಣ್ಣ ಹಲಗೆ, ಇಷ್ಟು ತಂದೆವು. ವೂಫರನ್ನು ಹಾಗೆಯೇ ಮೇಜಿನ ಮೇಲಿಟ್ಟು ತಂತಿ ಜೋಡಿಸಿದರೆ ಮೊಬೈಲಿಗಿಂತ ಜೋರಾಯಿತು, ಎಡಗೈ ಮಾತ್ರ ಇನ್ನೂ ಇಲ್ಲ!

ಯಾಕೆಂದರೆ ಸ್ಪೀಕರಿನ ಕಾಗದದ ಶಂಕು ಮುಂದೆ ಬಂದಾಗ ಎದುರಿನ ಗಾಳಿಯನ್ನು ಒತ್ತುತ್ತದೆ, ಅದೇ ಕ್ಷಣ ಹಿಂದಿನ ಗಾಳಿಯನ್ನು ಸಡಿಲ ಮಾಡುತ್ತದೆ. ಮುಂದಿನ ಒತ್ತಡ ಅಂಚು ಬಳಸಿಕೊಂಡು ಹಿಂದಕ್ಕೆ ಓಡಿ ಎರಡೂ ಸರಿಸಮವಾಗಿಬಿಡುತ್ತವೆ. ಏರು ಸ್ವರದಲ್ಲಿ ಶಂಕು ಬಲು ಬೇಗ ಹಿಂದೆ ಮುಂದೆ ಆಡುವುದರಿಂದ ಗಾಳಿಗೆ ಓಡಲು ಸಮಯ ಸಿಗುವುದಿಲ್ಲ. ತಗ್ಗು ಸ್ವರದಲ್ಲಿ ಧಾರಾಳ ಸಮಯ. ಸೆಕೆಂಡಿಗೆ 100 ಸಲ ಅದುರುವ ಸ್ವರದ ಒಂದು ಅಲೆಯ ಉದ್ದವೇ ಸುಮಾರು 3.4 ಮೀಟರ್, ಎಂಟು ಇಂಚಿನ ಸ್ಪೀಕರಿನ ಅಂಚು ಅದಕ್ಕೆ ಯಾವ ಲೆಕ್ಕ? ಮಕ್ಕಳೇ, ಹಳೇ ರೇಡಿಯೋದ ಸ್ಪೀಕರ್ ಸಿಕ್ಕಿದರೆ ಇದನ್ನು ನೀವೇ ನೋಡಬಹುದು. ದೊಡ್ಡ ರಟ್ಟಿನಲ್ಲಿ ಸ್ಪೀಕರಿನಷ್ಟೇ ಅಗಲದ ತೂತು ಕೊರೆದು, ಹಾಡುತ್ತಿರುವ ಸ್ಪೀಕರನ್ನು ಅದಕ್ಕೆ ಒತ್ತಿ ಹಿಡಿಯಿರಿ. ದನಿ ಒಮ್ಮೆಲೇ ತುಂಬಿಕೊಳ್ಳುತ್ತದೆ. ಇಂದಿನ ಸ್ಪೀಕರುಗಳಿಗೆ ದಾರಿ ತೋರಿದ ಅಮೆರಿಕದ ರೈಸ್ ಮತ್ತು ಕೆಲಾಗ್ 1925ರಲ್ಲಿ ತಮ್ಮ ಯಂತ್ರವನ್ನು ಜಗತ್ತಿಗೆ ವಿವರಿಸಿದಾಗಲೂ ಮುಂದು ಹಿಂದುಗಳ ಈ ಜಗಳ ಬಿಡಿಸಲು ಹಲಗೆಯೊಂದು ಬೇಕಾಗಿತ್ತು. ಆ ಹಲಗೆಯನ್ನು ಸುತ್ತ ಮಡಚಿ ಮುಚ್ಚಿದರೆ ಅದೇ ಪೆಟ್ಟಿಗೆ.

ಆಚಾರ್ಯರನ್ನು ಕರೆಸಿದೆ. ಅವರಿಗೆ ಹಲಸಿನ ಹಲಗೆಯ ಮೇಲೆ ಮನಸ್ಸು. "ಮದ್ದಳೆ, ಚೆಂಡೆ ಎಲ್ಲ ಹಲಸಿನದ್ದೇ ಅಲ್ವಾ ಪೋಸ್ಟ್‌ಮಾಸ್ಟ್ರೆ? ನಾದ ಒಳ್ಳೆದು ಬರ್ತದೆ." ಮಾತು ಸರಿ, ಆದರೆ ನಮಗೆ ಬೇಕಾದದ್ದು ತದ್ವಿರುದ್ಧ. ಮದ್ದಳೆಯ ಮರ ಹಾಡಬೇಕು. ಸ್ಪೀಕರಿನ ಪೆಟ್ಟಿಗೆ ಬಾಯಿ ಮುಚ್ಚಿಕೊಂಡಿರಬೇಕು. ಅಣ್ಣನ ಮದ್ದಳೆಗೆ ಅದರದೇ ಹಲಸಿನ ನಾದ ಇತ್ತಲ್ಲ, ಅದರ ಮೇಲೆ ನಮ್ಮ ಪೆಟ್ಟಿಗೆಯೂ ತನ್ನದೊಂದು ರಾಗ ತೆಗೆದರೆ ಎರಡೂ ಕೆಟ್ಟವು. ಅದಲ್ಲದೆ ಇಡೀ ಮರದ ಹಲಗೆ ಆಷಾಢದಲ್ಲಿ ಉಬ್ಬುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ, ಕೂಡುಗಳು ಬಾಯಿ ಬಿಡುತ್ತವೆ. ಎಂಡಿಎಫ್ ಹಲಗೆಯೋ, ನೀರಿನ ಪಸೆ ತಾಗಿದರೆ ಅವಲಕ್ಕಿಯ ಹಾಗೆ ಉಬ್ಬುತ್ತದೆ. ಕಡೆಗೆ 18 ಮಿ.ಮೀ. ದಪ್ಪದ ಮೆರೈನ್ ಪ್ಲೈವುಡ್ ಆಯಿತು. ಆಚಾರ್ಯರು ನಕ್ಕರು: "ಅದುರಬಾರದು ಅಂತಾದ್ರೆ ಕಲ್ಲಿನದ್ದೇ ಮಾಡಿಸಿ. ಗೊಮ್ಮಟನ ಊರಲ್ಲಿ ಶಿಲ್ಪಿಗಳಿಗೆ ಬರವಾ?" ತಮಾಷೆಗೆ ಹೇಳಿದ್ದಾದರೂ ಅದರಲ್ಲಿ ಹುರುಳಿದೆ. ಇಂಗ್ಲೆಂಡಿನ ಗಿಲ್ಬರ್ಟ್ ಬ್ರಿಗ್ಸ್ ಎಂಬ ಸ್ಪೀಕರ್ ತಯಾರಕರು 1950ರ ದಶಕದಲ್ಲಿ ಎರಡು ಪ್ಲೈವುಡ್ ಹಲಗೆಗಳ ನಡುವೆ ಮರಳು ತುಂಬಿಸಿ ಅದುರುವಿಕೆಯನ್ನು ಕೊಲ್ಲುತ್ತಿದ್ದರು. ನಮ್ಮ ಬಜೆಟ್ಟು ಮತ್ತು ನನ್ನ ಸೊಂಟ ಎರಡೂ ಮರಳನ್ನು ಒಪ್ಪಲಿಲ್ಲ.

ಎಂಟಡಿ-ನಾಲ್ಕಡಿಯ ಒಂದೇ ಹಲಗೆಯಲ್ಲಿ ಎರಡು ಪೆಟ್ಟಿಗೆ ಹೇಗೆ ಹೊರಡಿಸುವುದು ಎಂಬ ಲೆಕ್ಕ ಮೊಮ್ಮಗಳದ್ದು. ಚೌಕುಳಿ ಪುಸ್ತಕದ ಹಾಳೆಯಲ್ಲಿ ಬರೆದು ತೋರಿಸಿದಳು. ಪೆಟ್ಟಿಗೆಯ ಎತ್ತರ 100 ಸೆಂ.ಮೀ., ಆಳ 32, ಅಗಲ 26. ಹಲಗೆಯ ದಪ್ಪ ಕಳೆದರೆ ಒಳಗೆ 96.4, 28.4, 22.4. ಗುಣಿಸಿದರೆ ಸುಮಾರು 61 ಲೀಟರ್. ಎರಡು ದೊಡ್ಡ ಕೊಡಪಾನದ ಮೇಲೆ ಅನ್ನಿ. 32 ಅಗಲದ ಎರಡು, 22.4 ಅಗಲದ ಎರಡು, ಹೀಗೆ ಒಂದು ಸಾಲಿನಲ್ಲಿ ಒಂದು ಪೆಟ್ಟಿಗೆಯ ನಾಲ್ಕು ಗೋಡೆ, ಇನ್ನೊಂದು ಸಾಲಿನಲ್ಲಿ ಇನ್ನೊಂದರದು. ಉಳಿದ ತುಂಡಿನಲ್ಲಿ ಮುಚ್ಚಳ, ತಳ. ಬದಿಯಲ್ಲಿ 13 ಸೆಂ.ಮೀ. ಅಗಲದ ಉದ್ದನೆಯ ಪಟ್ಟಿಯೊಂದು ಮಿಕ್ಕಿತು. ಅದನ್ನು ಸೌದೆಗೆ ಹಾಕದೆ ಇಟ್ಟದ್ದು ನಮ್ಮ ಪುಣ್ಯ. (ಗರಗಸದ ಮೆಶಿನ್ನಿನ ಹತ್ತಿರ ಮಕ್ಕಳು ಹೋಗಲಿಲ್ಲ, ನಾನೂ ಹೋಗಲಿಲ್ಲ. ಪ್ಲೈವುಡ್ ಧೂಳು ಶ್ವಾಸಕ್ಕೆ ಒಳ್ಳೆಯದಲ್ಲ, ಮೂಗಿಗೆ ಬಟ್ಟೆ ಬೇಕೇ ಬೇಕು.)

ಫೆವಿಕಾಲ್, ಸ್ಕ್ರೂ ಹಾಕಿ ಮೊದಲ ಪೆಟ್ಟಿಗೆ ನಿಲ್ಲಿಸಿದೆವು. ಹಿಂಬದಿಯ ಹಲಗೆಗೆ ಸ್ಕ್ರೂ ಮಾತ್ರ, ಅಂಟು ಇಲ್ಲ. ಬಿಚ್ಚಬೇಕಾದೀತು ಎಂಬ ಅನುಮಾನ ಆಚಾರ್ಯರಿಗಿತ್ತು. ಒಳಗೆ ಪಕ್ಕದ ಗೋಡೆಗಳಿಗೆ ಎರಡೆರಡು ಪಟ್ಟಿಗಳನ್ನು ಅಡ್ಡಡ್ಡವಾಗಿ, ಮಲಗಿಸಿ ಅಂಟಿಸಿದ್ದೆ. ಅದು ನನ್ನ ಬುದ್ಧಿ. ರೆಕಾರ್ಡ್ ಹಾಕಿದೆವು. ಎಡಗೈ ಬಂತು! ಆದರೆ ಭಾಗವತರು ಕೊಪ್ಪರಿಗೆಯೊಳಗೆ ಕೂತು ಪದ ಹೇಳಿದ ಹಾಗೆ. ಒಂದು ಮಟ್ಟದ ಸ್ವರ ಬಂದಾಗಲೆಲ್ಲ ಪೆಟ್ಟಿಗೆಯೇ 'ಹೂಂ' ಎಂದು ಹಿಮ್ಮೇಳ ಕೊಡುತ್ತಿತ್ತು.

ಮೊಮ್ಮಗಳು ಹಲಸಿನಹಣ್ಣು ಬೆಳೆದಿದೆಯೋ ಎಂದು ಬಡಿದು ನೋಡುವಂತೆ ಬೆರಳ ಗೆಣ್ಣಿನಿಂದ ಪೆಟ್ಟಿಗೆಯನ್ನು ಬಡಿದಳು. ಅಂಚಿನಲ್ಲಿ 'ಟಕ್', ಪಕ್ಕದ ಗೋಡೆಯ ನಡುವೆ 'ಡಬ್'. "ಅಜ್ಜ, ಇದು ಹಣ್ಣಾಗಿದೆ!" ಅದೇ ರೋಗದ ಗುರುತು. ಒಳಗಿನ ಗಾಳಿ ಗೋಡೆಯನ್ನು ಒತ್ತಿದಾಗ ಗೋಡೆಯೇ ಚೆಂಡೆಯ ಚರ್ಮದಂತೆ ಅದುರುತ್ತದೆ. ಇಷ್ಟು ಅಗಲದ ಹಲಗೆ ಅದುರುವ ಸ್ವರ ಮನುಷ್ಯನ ದನಿ ಓಡಾಡುವ ಜಾಗದಲ್ಲೇ ಬೀಳುವುದರಿಂದ ಕಿವಿಗೆ ಕೂಡಲೇ ತಿಳಿಯುತ್ತದೆ. ದಪ್ಪ ಎರಡರಷ್ಟಾದರೆ ಹಲಗೆ ಎಂಟರಷ್ಟು ಬಿಗಿ, ಆದರೆ ತೂಕವೂ ಖರ್ಚೂ ಎರಡರಷ್ಟು. ಇರುವ ಹಲಗೆಯನ್ನೇ ಬಾಗದಂತೆ ಒಳಗಿನಿಂದ ಹಿಡಿದುಕೊಳ್ಳುವುದು ಬಡವರ ದಾರಿ.

ನಾನು ಹಿಡಿದದ್ದು ಎಲ್ಲಿ ತಪ್ಪಿತು? ಆಚಾರ್ಯರು ಹಿತ್ತಲಿನ ಕಡೆ ಕೈ ತೋರಿಸಿದರು. "ಬಾಳೆ ಎಲೆಗೆ ದಿಂಡು ಅಡ್ಡ ಇರ್ತದಾ, ಉದ್ದ ಇರ್ತದಾ?"

ತೋಡಿಗೆ ಹಾಕಿದ ಸಂಕವನ್ನು ನೆನಪಿಸಿಕೊಳ್ಳಿ. ತೋಡು ಕಿರಿದಾದಷ್ಟೂ ಸಂಕ ಗಟ್ಟಿ. ನಮ್ಮ ಗೋಡೆ 96 ಸೆಂ.ಮೀ. ಎತ್ತರ, 28 ಅಗಲ. ಅದನ್ನು ಬಿಗಿಯಾಗಿ ಹಿಡಿದಿರುವುದು ಹತ್ತಿರದ ಎರಡು ಅಂಚುಗಳು. ಮೇಲಿನ, ಕೆಳಗಿನ ಅಂಚುಗಳು ಬಹಳ ದೂರ, ಅವುಗಳಿಂದ ಉಪಕಾರ ಕಡಿಮೆ. ನಾನು ಅಡ್ಡ ಪಟ್ಟಿ ಹಾಕಿ ಎತ್ತರವನ್ನು ತುಂಡು ಮಾಡಿದೆ, ಕಿರಿದಾದ ಅಗಲ ಹಾಗೆಯೇ ಉಳಿಯಿತು. ಉದ್ದಕ್ಕೆ ದಿಂಡು ಹಾಕಿ ಅಗಲವನ್ನೇ ಅರ್ಧ ಮಾಡಿದರೆ ಗೋಡೆ ಅದುರುವ ಸ್ವರ ಹೆಚ್ಚುಕಡಿಮೆ ನಾಲ್ಕರಷ್ಟು ಮೇಲೇರುತ್ತದೆ. ಅಷ್ಟು ಎತ್ತರದಲ್ಲಿ ಅದನ್ನು ಕೆಣಕುವ ಶಕ್ತಿ ಒಳಗಿನ ಗಾಳಿಗೆ ಕಡಿಮೆ.

ಇನ್ನೊಂದು ತಪ್ಪು, ಪಟ್ಟಿಯನ್ನು ಮಲಗಿಸಿದ್ದು. ಶಾಲೆಯ ಅಡಿಪಟ್ಟಿಯನ್ನು ಮಲಗಿಸಿ ಬಗ್ಗಿಸಿ, ಬಗ್ಗುತ್ತದೆ. ಅಂಚಿನ ಮೇಲೆ ನಿಲ್ಲಿಸಿ ಬಗ್ಗಿಸಿ ನೋಡಿ!

ಮಿಕ್ಕಿದ್ದ 13 ಸೆಂ.ಮೀ. ಪಟ್ಟಿ ಆಗ ಕೆಲಸಕ್ಕೆ ಬಂತು. ಅದರಲ್ಲಿ 6 ಸೆಂ.ಮೀ. ಅಗಲದ ನಾಲ್ಕು ದಿಂಡು ಸೀಳಿ, ಪೆಟ್ಟಿಗೆಗೆ ಎರಡರಂತೆ, ಎಡಗೋಡೆಗೊಂದು ಬಲಗೋಡೆಗೊಂದು, ಅಂಚಿನ ಮೇಲೆ ನಿಲ್ಲಿಸಿ ಅಂಟಿಸಿದೆವು. ಸರಿಯಾಗಿ ನಡುವೆ ಅಲ್ಲ, ಸ್ವಲ್ಪ ಹಿಂದಕ್ಕೆ. ಎರಡು ಭಾಗವೂ ಒಂದೇ ಅಳತೆಯಾದರೆ ಎರಡೂ ಒಂದೇ ಸ್ವರಕ್ಕೆ ಅದುರಿ ಜೋಡಿಯಾಗಿ ಕೂಗುತ್ತವೆ; ಅಳತೆ ಬೇರೆಯಾದರೆ ಒಗ್ಗಟ್ಟು ಮುರಿಯುತ್ತದೆ. ವೂಫರಿನ ಅಯಸ್ಕಾಂತಕ್ಕೂ ಜಾಗವಾಯಿತು.

ದಿಂಡು ಒಂದೇ ಸಾಲದು. ಅಷ್ಟುದ್ದದ ದಿಂಡು ನಡುವೆ ತಾನೂ ಬಾಗುತ್ತದೆ. ಒಳಗಿನ ಗಾಳಿ ಎಡಗೋಡೆಯನ್ನು ಎಡಕ್ಕೂ ಬಲಗೋಡೆಯನ್ನು ಬಲಕ್ಕೂ ಒಟ್ಟಿಗೇ ಒತ್ತುವುದರಿಂದ, ಒಂದನ್ನು ಇನ್ನೊಂದಕ್ಕೆ ಕಟ್ಟಿಬಿಟ್ಟರೆ ಅವೇ ಪರಸ್ಪರ ತಡೆಯುತ್ತವೆ. ಎರಡು ದಿಂಡುಗಳ ನಡುವೆ ಉಳಿದ ಜಾಗ 10.4 ಸೆಂ.ಮೀ. ಅಷ್ಟುದ್ದದ ನಾಲ್ಕು ತುಂಡುಗಳನ್ನು ಮೆಟ್ಟಿಲುಗಳಂತೆ, ಸಮದೂರ ಬಿಡದೆ, ಕೂರಿಸಿದೆವು. ಪೆಟ್ಟಿಗೆಯೊಳಗೆ ಒಂದು ಏಣಿ ನಿಂತಿತು. ಮುಂದಿನ ಗೋಡೆಯಿಂದ ಹಿಂದಿನ ಗೋಡೆಗೆ ಇನ್ನೆರಡು ಅಡ್ಡಪಟ್ಟಿ. ಇವು ಬಿಗಿಯಾಗಿ ಕೂರಬೇಕು, ಆದರೆ ಸುತ್ತಿಗೆಯಿಂದ ಹೊಡೆದು ತೂರಿಸುವಷ್ಟಲ್ಲ. ಹಾಗೆ ಮಾಡಿದರೆ ಕೂಡು ಬಿಡುತ್ತದೆ. ಒಂದು ಬಿಟ್ಟಿತ್ತು ಕೂಡ. ಅದು ಯಾರ ಸುತ್ತಿಗೆ ಎಂದು ಹೇಳುವುದಿಲ್ಲ.

ಮರುದಿನ ಅಂಟು ಒಣಗಿದ ಮೇಲೆ ಮೊಮ್ಮಗಳು ಮತ್ತೆ ಬಡಿದಳು. ಮೇಲಿನಿಂದ ಕೆಳಗಿನವರೆಗೆ 'ಟಕ್, ಟಕ್, ಟಕ್'. "ಇನ್ನೂ ಕಾಯಿ" ಎಂದಳು. ಹಳೇ ದಿಂಬಿನ ಪಾಲಿಯೆಸ್ಟರ್ ಹತ್ತಿಯನ್ನು ಒಳಗೆ ಸಡಿಲವಾಗಿ ತುಂಬಿದೆವು (ನಿಜ ಹತ್ತಿಯಾದರೆ ಇಲ್ಲಿಯ ಹವೆಗೆ ಬೂಷ್ಟು). ಈಗ ಹಿಂಬದಿಗೂ ಅಂಟು. ಸ್ಪೀಕರ್ ಹಾಡುವಾಗ ಕೂಡುಗಳ ಹತ್ತಿರ ಊದುಬತ್ತಿ ಹಿಡಿದು, ಹೊಗೆ ಎಲ್ಲಾದರೂ ಕುಣಿಯುತ್ತದೆಯೇ ಎಂದು ನೋಡುವ ಕೆಲಸ ಅಜ್ಜಿಯದ್ದು. ತಳದ ಒಂದು ಮೂಲೆಯಲ್ಲಿ ಕುಣಿಯಿತು, ಎಂ-ಸೀಲ್ ಮೆತ್ತಿದೆವು. ಎತ್ತರದ ಪೆಟ್ಟಿಗೆ ಮಗುಚಬಾರದೆಂದು ತಳಕ್ಕೆ ಅಗಲ ಪಾದ, ಅದರಡಿ ರಬ್ಬರ್. ಒಂದೊಂದು ಇಪ್ಪತ್ತು ಕಿಲೋ ಆದೀತು.

ಅತ್ತಿಗೆಯನ್ನು ಕುರ್ಚಿಯಲ್ಲಿ ಕೂರಿಸಿ ರೆಕಾರ್ಡ್ ಹಾಕಿದೆವು. ವಯಸ್ಸಾದ ಕಿವಿ ಮೊದಲು ಕಳೆದುಕೊಳ್ಳುವುದು ಏರು ಸ್ವರಗಳನ್ನು, ತಗ್ಗು ಸ್ವರ ಬಹುಕಾಲ ಉಳಿಯುತ್ತದೆ. ಭಾಗವತರು ಕೊಪ್ಪರಿಗೆಯಿಂದ ಎದ್ದು ಚಾವಡಿಗೆ ಬಂದಿದ್ದರು. ಅಣ್ಣನ ಎಡಗೈ ನೆಲದಿಂದ ಬಂದ ಹಾಗೆ ಬಂತು. ಅತ್ತಿಗೆ ಏನೂ ಹೇಳಲಿಲ್ಲ. ಕುರ್ಚಿಯ ಕೈಯ ಮೇಲಿದ್ದ ಅವರ ಬೆರಳು ತಾಳ ಹಾಕುತ್ತಿತ್ತು.

ಅಷ್ಟರಲ್ಲಿ 'ಜುಂಯ್' ಎಂದು ಒಂದು ಸದ್ದು! ಎಡಗೈಯ ಪೆಟ್ಟು ಬಿದ್ದಾಗಲೆಲ್ಲ ಅದೇ ಸದ್ದು. ಆಚಾರ್ಯರು ಪೆಟ್ಟಿಗೆಗೆ ಕಿವಿಯಿಟ್ಟರು, ನಾನು ಸ್ಕ್ರೂ ಬಿಗಿ ಮಾಡಿದೆ, ಸದ್ದು ಹೋಗಲಿಲ್ಲ. ಕಡೆಗೆ ಮೊಮ್ಮಗಳು ಸ್ಟೂಲ್ ಹತ್ತಿ ಗೋಡೆಯ ಮೇಲಿನ ಅಣ್ಣನ ಫೋಟೋದ ಗಾಜಿಗೆ ಬೆರಳು ಒತ್ತಿದಳು. ನಿಂತಿತು. ಬೆರಳು ತೆಗೆದಳು, ಮತ್ತೆ 'ಜುಂಯ್'. ಚೌಕಟ್ಟಿನಲ್ಲಿ ಗಾಜು ಸಡಿಲವಾಗಿತ್ತು. ಹಿಂದೆ ಕಾಗದ ಮಡಚಿ ತುರುಕಿದರೆ ಎರಡು ನಿಮಿಷದ ಕೆಲಸ.

"ಇರ್ಲಿ, ಅದನ್ನು ಮುಟ್ಬೇಡಿ" ಎಂದರು ಅತ್ತಿಗೆ.

ಕ್ಯಾಸೆಟ್ಟಿನ 'ಬಿ' ಬದಿ ಇನ್ನೂ ಕೇಳಿಲ್ಲ. ಬೂಷ್ಟು ಆ ಕಡೆ ಜಾಸ್ತಿ. ಮಳೆ ಬಿಟ್ಟು ನಾಲ್ಕು ದಿನ ಒಳ್ಳೆಯ ಬಿಸಿಲು ಬಂದು ಹವೆ ಒಣಗಿದ ಮೇಲೆ ಓಡಿಸಬೇಕೆಂದು ಅದನ್ನು ಅಕ್ಕಿಯ ಡಬ್ಬಿಯೊಳಗೆ, ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟಿದ್ದೇವೆ.