ಅಂಕಗಳಿಲ್ಲದ ಪರೀಕ್ಷೆ

ಪರೀಕ್ಷೆ ಎಂಬ ಮಾತು ಕಿವಿಗೆ ಬಿದ್ದೊಡನೆ ವಿದ್ಯಾರ್ಥಿಗಳ ಮನಸ್ಸಿನಲ್ಲಿ ಅಂಜಿಕೆ ಮೂಡುವುದು ಸಹಜ. ಮೊಹರು ಮಾಡಿದ ಪ್ರಶ್ನಪತ್ರಿಕೆ, ಕೊಠಡಿಯಲ್ಲಿ ಸುಳಿದಾಡುವ ಮೇಲ್ವಿಚಾರಕರು, ಕೊನೆಯ ಗಂಟೆಯ ಸದ್ದು, ಕೆಲವು ವಾರಗಳ ಅನಂತರ ಹೊರಬೀಳುವ ಫಲಿತಾಂಶ - ಇವೆಲ್ಲವೂ ಒಟ್ಟಿಗೆ ಕಣ್ಣಮುಂದೆ ನಿಲ್ಲುತ್ತವೆ. ಆದರೆ ಮೇಲ್ವಿಚಾರಕರಿಲ್ಲದ, ಅಂಕಗಳಿಲ್ಲದ, ಫಲಿತಾಂಶವನ್ನು ಬೇರೆ ಯಾರೂ ನೋಡದ ಪರೀಕ್ಷೆಯೂ ಒಂದುಂಟು. ಅಲ್ಲಿ ಪ್ರಶ್ನೆಯನ್ನು ಕೇಳುವುದು ಪುಸ್ತಕ. ಉತ್ತರವನ್ನು ಬರೆಯುವವನು ಓದುಗ. ಆ ಉತ್ತರವನ್ನು ತಿದ್ದುವವನೂ ಅವನೇ. ಇದಕ್ಕೆ ಸ್ವಯಂ ಪರೀಕ್ಷೆ ಎಂದು ಹೆಸರು. ವಿಶ್ವವಿದ್ಯಾನಿಲಯಗಳ ಪಠ್ಯಗ್ರಂಥಗಳೊಡನೆ ಇಂತಹ ಪರೀಕ್ಷೆಗಳನ್ನು ಸೇರಿಸುವ ಪದ್ಧತಿ ಇಂದು ಪ್ರಪಂಚದ ಹಲವು ದೇಶಗಳಲ್ಲಿ ಬಳಕೆಯಲ್ಲಿದೆ.

ಸ್ವಯಂ ಪರೀಕ್ಷೆಯ ರೂಪಗಳು ಹಲವು. ಅಧ್ಯಾಯದ ಕೊನೆಯಲ್ಲಿ ಪ್ರಶ್ನೆಗಳನ್ನೂ ಪುಸ್ತಕದ ಕೊನೆಯಲ್ಲಿ ಅವುಗಳ ಉತ್ತರಗಳನ್ನೂ ಮುದ್ರಿಸುವುದು ಬಹಳ ಹಳೆಯ ರೂಪ. ಅನೇಕ ಗಣಿತ ಗ್ರಂಥಗಳಲ್ಲಿ ಒಂದು, ಮೂರು, ಐದು ಹೀಗೆ ಬೆಸಸಂಖ್ಯೆಯ ಲೆಕ್ಕಗಳಿಗೆ ಮಾತ್ರ ಉತ್ತರವಿರುತ್ತದೆ. ಉಳಿದವನ್ನು ವಿದ್ಯಾರ್ಥಿಯು ಉತ್ತರದ ಆಸರೆಯಿಲ್ಲದೆ ಬಿಡಿಸಬೇಕು. ಪಠ್ಯಗ್ರಂಥದ ಜೊತೆಗೆ ಅಭ್ಯಾಸ ಮಾರ್ಗದರ್ಶಿ ಎಂಬ ಬೇರೊಂದು ಪುಸ್ತಕವನ್ನು ಹೊರತರುವುದು ಮತ್ತೊಂದು ರೂಪ. ಗಣಕಯಂತ್ರಗಳು ಬಳಕೆಗೆ ಬಂದ ಮೇಲೆ ಇದೇ ಪ್ರಶ್ನೆಗಳು ಮೊದಲು ಅಡಕಮುದ್ರಿಕೆಗಳಲ್ಲಿಯೂ ಆಮೇಲೆ ಅಂತರಜಾಲದಲ್ಲಿಯೂ ಕಾಣಿಸಿಕೊಂಡವು.

ಓದಿನ ಜೊತೆಗೆ ಈ ಪರೀಕ್ಷೆಯ ಆವಶ್ಯಕತೆಯಾದರೂ ಏನು? ಪ್ರೌಢಶಾಲೆಯಲ್ಲಿ ಉಪಾಧ್ಯಾಯರು ಹಿಂದಿನ ದಿನದ ಪಾಠವನ್ನು ಮರುದಿನ ಪ್ರಶ್ನಿಸುತ್ತಾರೆ. ಯಾರಿಗೆ ತಿಳಿದಿದೆ, ಯಾರಿಗೆ ತಿಳಿದಿಲ್ಲ ಎಂಬುದು ಅಲ್ಲಿಯೇ ಗೊತ್ತಾಗುತ್ತದೆ. ವಿಶ್ವವಿದ್ಯಾನಿಲಯದ ಮಟ್ಟದಲ್ಲಿ ಪರಿಸ್ಥಿತಿ ಬೇರೆ. ಗ್ರಂಥಗಳು ದೊಡ್ಡವು, ತರಗತಿಯೂ ದೊಡ್ಡದು. ಪ್ರಾಧ್ಯಾಪಕರು ಪ್ರತಿಯೊಬ್ಬರನ್ನೂ ಪ್ರತಿದಿನವೂ ಪ್ರಶ್ನಿಸುವುದು ಸಾಧ್ಯವಲ್ಲ. ಹೀಗಾಗಿ ತನಗೆ ಎಷ್ಟು ತಿಳಿದಿದೆ ಎಂಬುದನ್ನು ವಿದ್ಯಾರ್ಥಿಯು ತಾನೇ ನಿರ್ಣಯಿಸಬೇಕಾಗುತ್ತದೆ. ಈ ನಿರ್ಣಯದಲ್ಲಿ ಮನಸ್ಸು ಸುಲಭವಾಗಿ ಮೋಸಹೋಗುತ್ತದೆ. ಒಂದು ಅಧ್ಯಾಯವನ್ನು ಎರಡನೆಯ ಸಲ ಓದುವಾಗ ಅದು ಮೊದಲಿಗಿಂತ ಸರಾಗವಾಗಿ ಸಾಗುತ್ತದೆ. ಮೂರನೆಯ ಸಲ ಎಲ್ಲವೂ ಗೊತ್ತಿರುವಂತೆಯೇ ತೋರುತ್ತದೆ. ದಿನವೂ ಬಸ್ಸಿನ ಕಿಟಕಿಯ ಬಳಿ ಕುಳಿತು ಊರಿಗೆ ಹೋಗಿಬರುವವನಿಗೆ ದಾರಿಯ ಮರ, ಸೇತುವೆ, ಗುಡಿಗಳೆಲ್ಲ ಪರಿಚಿತವೇ. ಆದರೆ ಅಪರಿಚಿತನೊಬ್ಬನಿಗೆ ಆ ದಾರಿಯನ್ನು ಬಾಯಿಮಾತಿನಲ್ಲಿ ವಿವರಿಸಬೇಕಾದಾಗ, ಎಡಕ್ಕೆ ತಿರುಗುವುದು ಸೇತುವೆಗೆ ಮೊದಲೋ ಆಮೇಲೋ ಎಂದು ಅವನು ತಡವರಿಸುತ್ತಾನೆ. ಪರಿಚಯ ಬೇರೆ, ಜ್ಞಾನ ಬೇರೆ. ಇವೆರಡರ ನಡುವಣ ಅಂತರವನ್ನು ಪರೀಕ್ಷೆಯ ದಿನಕ್ಕೆ ಮೊದಲೇ ತೋರಿಸಿಕೊಡುವುದು ಸ್ವಯಂ ಪರೀಕ್ಷೆಯ ಕೆಲಸ.

ಈ ಕೆಲಸವನ್ನು ಯಂತ್ರವೊಂದಕ್ಕೆ ಒಪ್ಪಿಸಲು ಯತ್ನಿಸಿದವರಲ್ಲಿ ಅಮೆರಿಕದ ಒಹಾಯೊ ರಾಜ್ಯ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞ ಸಿಡ್ನಿ ಪ್ರೆಸ್ಸಿ ಮುಖ್ಯರು. 1926ರಲ್ಲಿ ಅವರು ತಮ್ಮ ಯಂತ್ರದ ವಿವರಣೆಯನ್ನು ಪ್ರಕಟಿಸಿದರು. ಅದು ಬೆರಳಚ್ಚು ಯಂತ್ರದಷ್ಟು ಗಾತ್ರದ್ದು. ಅದರ ಸಣ್ಣ ಕಿಟಕಿಯಲ್ಲಿ ಒಂದು ಪ್ರಶ್ನೆಯೂ ನಾಲ್ಕು ಉತ್ತರಗಳೂ ಕಾಣುತ್ತಿದ್ದವು. ಪಕ್ಕದಲ್ಲಿ ನಾಲ್ಕು ಒತ್ತುಗುಂಡಿಗಳಿದ್ದವು. ಸರಿಯಾದ ಉತ್ತರದ ಗುಂಡಿಯನ್ನು ಒತ್ತುವವರೆಗೂ ಮುಂದಿನ ಪ್ರಶ್ನೆ ಬಾರದಂತೆ ಯಂತ್ರವನ್ನು ಹೊಂದಿಸಬಹುದಾಗಿತ್ತು. ಕಲಿಯುವವನು ತನ್ನ ತಪ್ಪನ್ನು ತಿಳಿಯಲು ವಾರಗಟ್ಟಲೆ ಕಾಯಬೇಕಾಗಿರಲಿಲ್ಲ; ಅದು ಆ ಕ್ಷಣದಲ್ಲಿಯೇ ತಿಳಿಯುತ್ತಿತ್ತು. ಪರೀಕ್ಷಿಸುವ ಸಾಧನವೇ ಕಲಿಸುವ ಸಾಧನವೂ ಆಗಬಲ್ಲದು ಎಂಬುದನ್ನು ಪ್ರೆಸ್ಸಿಯವರು ಹೀಗೆ ತೋರಿಸಿದರು. ಆದರೆ ಅವರ ಯಂತ್ರಕ್ಕೆ ಆ ಕಾಲದಲ್ಲಿ ಹೆಚ್ಚಿನ ಮನ್ನಣೆ ದೊರೆಯಲಿಲ್ಲ.

1950ರ ದಶಕದಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಬಿ. ಎಫ್. ಸ್ಕಿನ್ನರ್ ಇದೇ ವಿಚಾರವನ್ನು ಮತ್ತೆ ಕೈಗೆತ್ತಿಕೊಂಡರು. ಕೊಟ್ಟ ಉತ್ತರಗಳಲ್ಲಿ ಒಂದನ್ನು ಆರಿಸುವುದಕ್ಕಿಂತ ವಿದ್ಯಾರ್ಥಿಯು ತನ್ನ ಉತ್ತರವನ್ನು ತಾನೇ ರಚಿಸುವುದು ಮೇಲೆಂಬುದು ಅವರ ಅಭಿಪ್ರಾಯ. ಅವರೂ ಜೇಮ್ಸ್ ಹಾಲೆಂಡ್ ಅವರೂ ಕೂಡಿ 1961ರಲ್ಲಿ ಮನಶ್ಶಾಸ್ತ್ರದ ಪಠ್ಯಗ್ರಂಥವೊಂದನ್ನು ಹೊರತಂದರು. ಅದರ ರಚನೆಯೇ ವಿಶಿಷ್ಟವಾದುದು. ಪಾಠವನ್ನು ನೂರಾರು ಸಣ್ಣ ಸಣ್ಣ ವಾಕ್ಯಗಳಾಗಿ ವಿಂಗಡಿಸಿ, ಪ್ರತಿಯೊಂದರಲ್ಲಿಯೂ ತುಂಬಬೇಕಾದ ಸ್ಥಳವನ್ನು ಬಿಡಲಾಗಿತ್ತು. ಓದುಗನು ಆ ಪದವನ್ನು ಬರೆದ ಮೇಲೆ ಪುಟವನ್ನು ಮಗುಚಿ ಸರಿಯುತ್ತರವನ್ನು ನೋಡಬೇಕಾಗಿತ್ತು. ಇಂತಹ ಪುಸ್ತಕಗಳು ಕೆಲವು ವರ್ಷ ಬಹಳ ಪ್ರಚಾರದಲ್ಲಿದ್ದವು. ಆದರೆ ಹೆಜ್ಜೆಗಳು ತೀರ ಚಿಕ್ಕವಾದುದರಿಂದ ಅನೇಕ ಓದುಗರಿಗೆ ಬೇಸರವುಂಟಾಯಿತು. 1970ರ ದಶಕದ ವೇಳೆಗೆ ಆ ಉತ್ಸಾಹ ಕುಗ್ಗಿತು. ಆದರೂ ಉತ್ತರವನ್ನು ನೋಡುವ ಮೊದಲು ಬರೆಯಬೇಕು, ಬರೆದೊಡನೆ ಸರಿಯೋ ತಪ್ಪೋ ತಿಳಿಯಬೇಕು ಎಂಬ ಎರಡು ನಿಯಮಗಳು ಮುಂದಿನ ಪಠ್ಯರಚನೆಯಲ್ಲಿ ಉಳಿದುಕೊಂಡವು.

ಈ ನಿಯಮಗಳ ಬೆಲೆ ಸ್ಪಷ್ಟವಾಗಿ ಕಂಡುಬಂದುದು ತರಗತಿಯೇ ಇಲ್ಲದ ವಿದ್ಯಾರ್ಥಿಗಳ ವಿಷಯದಲ್ಲಿ. 1969ರಲ್ಲಿ ಬ್ರಿಟನ್ನಿನಲ್ಲಿ ಮುಕ್ತ ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. 1971ರಲ್ಲಿ 20,000ಕ್ಕೂ ಹೆಚ್ಚು ಮಂದಿ ಅಲ್ಲಿ ಅಧ್ಯಯನವನ್ನು ಆರಂಭಿಸಿದರು. ಅವರಲ್ಲಿ ಹೆಚ್ಚಿನವರು ದುಡಿಮೆಯಲ್ಲಿ ತೊಡಗಿದ್ದವರು, ಸಂಸಾರದ ಹೊಣೆಯನ್ನು ಹೊತ್ತವರು. ಹಗಲಿನ ಕೆಲಸ ಮುಗಿದ ಮೇಲೆ ಮನೆಯಲ್ಲಿ ಒಬ್ಬರೇ ಕುಳಿತು ಓದುವ ಇಂತಹವರ ಬಳಿ ಸಂದೇಹವನ್ನು ಕೇಳಲು ಉಪಾಧ್ಯಾಯರಿಲ್ಲ; ಹೋಲಿಸಿ ನೋಡಿಕೊಳ್ಳಲು ಸಹಪಾಠಿಗಳೂ ಇಲ್ಲ. ಆದುದರಿಂದ ಆ ವಿಶ್ವವಿದ್ಯಾನಿಲಯದ ಪಠ್ಯಗಳ ನಡುನಡುವೆ ಸ್ವಯಂ ಮೌಲ್ಯಮಾಪನದ ಪ್ರಶ್ನೆಗಳನ್ನು ಇರಿಸಿ, ವಿವರವಾದ ಉತ್ತರಗಳನ್ನು ಕೊನೆಯಲ್ಲಿ ಕೊಟ್ಟರು. ಭಾರತದಲ್ಲಿ 1985ರಲ್ಲಿ ಸ್ಥಾಪಿತವಾದ ಇಂದಿರಾಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯದ ಪಾಠಗಳಲ್ಲಿಯೂ ಪ್ರಗತಿಯನ್ನು ಪರೀಕ್ಷಿಸಿಕೊಳ್ಳಲು ಸೂಚಿಸುವ ಭಾಗಗಳಿವೆ. ಪ್ರಶ್ನೆಯ ಕೆಳಗೆ ಬರೆಯಲು ಖಾಲಿ ಗೆರೆಗಳು. ಘಟಕದ ಕೊನೆಯಲ್ಲಿ ಉತ್ತರಗಳು. ಕರ್ನಾಟಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲಿ ಅಂಚೆಯ ಮೂಲಕ ಶಿಕ್ಷಣವನ್ನು ಪ್ರಾರಂಭಿಸಿತು. ಅದರ ಮುಂದುವರಿಕೆಯಾಗಿ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವು ರೂಪುಗೊಂಡಿತು. ಇಂತಹ ಸಂಸ್ಥೆಗಳಲ್ಲಿ ದೂರದ ಹಳ್ಳಿಯಲ್ಲಿದ್ದು ಪದವಿಗಾಗಿ ಓದುವವರಿಗೆ ಪುಸ್ತಕದ ಪ್ರಶ್ನೆಯೇ ಪ್ರತಿದಿನದ ಉಪಾಧ್ಯಾಯ.

ಸ್ವಯಂ ಪರೀಕ್ಷೆಯಿಂದ ತಿಳಿಯದುದು ಯಾವುದೆಂದು ಗೊತ್ತಾಗುವುದಲ್ಲದೆ, ತಿಳಿದುದು ಹೆಚ್ಚು ಕಾಲ ನೆನಪಿನಲ್ಲಿಯೂ ಉಳಿಯುತ್ತದೆ. ಇದನ್ನು ತೋರಿಸುವ ಪ್ರಯೋಗವೊಂದನ್ನು ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ಅವರು ನಡೆಸಿ, 2006ರಲ್ಲಿ ಪ್ರಕಟಿಸಿದರು. ವಿಜ್ಞಾನಕ್ಕೆ ಸಂಬಂಧಿಸಿದ ಒಂದು ಸಣ್ಣ ಗದ್ಯಭಾಗವನ್ನು ವಿದ್ಯಾರ್ಥಿಗಳಿಗೆ ಕೊಡಲಾಯಿತು. ಒಂದು ತಂಡದವರು ಅದನ್ನು ನಾಲ್ಕು ಅವಧಿಗಳಲ್ಲಿಯೂ ಓದಿದರು. ಇನ್ನೊಂದು ತಂಡದವರು ಒಂದು ಅವಧಿಯಲ್ಲಿ ಮಾತ್ರ ಓದಿ, ಉಳಿದ ಮೂರು ಅವಧಿಗಳಲ್ಲಿ ಪುಸ್ತಕವನ್ನು ನೋಡದೆ ನೆನಪಿಗೆ ಬಂದುದನ್ನು ಬರೆದರು. ಮೊದಲನೆಯ ತಂಡದವರು ಆ ಭಾಗವನ್ನು ಸರಾಸರಿ 14 ಸಲ ಓದಿದ್ದರು. ಎರಡನೆಯ ತಂಡದವರು ಓದಿದ್ದುದು ಮೂರು ಸಲಕ್ಕಿಂತ ತುಸು ಹೆಚ್ಚು. ಐದು ನಿಮಿಷಗಳ ಅನಂತರ ಪರೀಕ್ಷಿಸಿದಾಗ, ಬರಿದೇ ಓದಿದ ತಂಡದವರು ನೂರಕ್ಕೆ 83ರಷ್ಟನ್ನೂ ಬರೆದು ನೋಡಿದ ತಂಡದವರು 71ರಷ್ಟನ್ನೂ ನೆನಪಿಸಿಕೊಂಡರು. ಒಂದು ವಾರ ಕಳೆದ ಮೇಲೆ ಫಲಿತಾಂಶ ತಲೆಕೆಳಗಾಯಿತು. ಬರಿದೇ ಓದಿದವರಲ್ಲಿ ಉಳಿದುದು ನೂರಕ್ಕೆ 40. ತಮ್ಮನ್ನು ತಾವು ಪರೀಕ್ಷಿಸಿಕೊಂಡವರಲ್ಲಿ ಉಳಿದುದು 61. ಇನ್ನೂ ಸೋಜಿಗದ ಸಂಗತಿಯೆಂದರೆ, ವಾರದ ಅನಂತರ ತಮಗೆ ಚೆನ್ನಾಗಿ ನೆನಪಿರುವುದೆಂಬ ಭರವಸೆಯು ಹೆಚ್ಚಾಗಿದ್ದುದು ಬರಿದೇ ಓದಿದ ತಂಡದವರಲ್ಲಿ!

ನೆಲದ ಮೇಲೆ ಒಂದೇ ಜಾಡಿನಲ್ಲಿ ಮತ್ತೆ ಮತ್ತೆ ನಡೆದರೆ ಕಾಲುದಾರಿ ಮೂಡುತ್ತದೆ. ಮರೆತಂತಿರುವ ವಿಷಯವನ್ನು ಹುಡುಕಿ ಹೊರತೆಗೆಯುವ ಪ್ರತಿಯೊಂದು ಪ್ರಯತ್ನವೂ ನೆನಪಿನ ಜಾಡನ್ನು ಹಾಗೆಯೇ ಗಟ್ಟಿಗೊಳಿಸುತ್ತದೆ. ಓದುವಾಗ ವಿಷಯವು ಎದುರಿಗೇ ಇರುವುದರಿಂದ ಹುಡುಕುವ ಶ್ರಮವಿಲ್ಲ. ಶ್ರಮವಿಲ್ಲದುದರಿಂದ ಜಾಡೂ ಆಳವಾಗದು.

ಆದರೆ ಎಲ್ಲ ಪ್ರಶ್ನೆಗಳೂ ಸಮನಾದ ಬೆಲೆಯುಳ್ಳವಲ್ಲ. ಆವಿಯಾಗುವಿಕೆ ಎಂದರೇನು ಎಂಬ ಪ್ರಶ್ನೆಗೆ ಪುಸ್ತಕದ ವಾಕ್ಯವನ್ನು ಒಪ್ಪಿಸಿದರೆ ಸಾಕು. ಬೇಸಗೆಯಲ್ಲಿ ಮಣ್ಣಿನ ಹೂಜಿಯ ನೀರು ತಂಪಾಗಿರಲು ಕಾರಣವೇನು, ಮಳೆಗಾಲದಲ್ಲಿ ಅದೇ ಹೂಜಿಯಲ್ಲಿ ನೀರು ಅಷ್ಟು ತಂಪಾಗದಿರಲು ಕಾರಣವೇನು ಎಂಬ ಪ್ರಶ್ನೆಗೆ ವಿದ್ಯಾರ್ಥಿಯು ಯೋಚಿಸಬೇಕಾಗುತ್ತದೆ. ಹೂಜಿಯ ಸೂಕ್ಷ್ಮ ರಂಧ್ರಗಳಿಂದ ಒಸರಿದ ನೀರು ಆವಿಯಾಗುವಾಗ ಶಾಖವನ್ನು ಹೀರಿಕೊಳ್ಳುತ್ತದೆ. ಮಳೆಗಾಲದ ಗಾಳಿಯಲ್ಲಿ ತೇವವು ಹೆಚ್ಚಾಗಿರುವುದರಿಂದ ಆವಿಯಾಗುವುದು ನಿಧಾನವಾಗುತ್ತದೆ. ಒಳ್ಳೆಯ ಸ್ವಯಂ ಪರೀಕ್ಷೆಯು ಸರಿ, ತಪ್ಪು ಎಂದಷ್ಟೇ ಹೇಳಿ ನಿಲ್ಲಿಸದೆ ಇಂತಹ ವಿವರಣೆಯನ್ನೂ ಕೊಡುತ್ತದೆ. ವಿವರಣೆಯು ಆವಶ್ಯಕ. ಹಲವು ಉತ್ತರಗಳಲ್ಲಿ ತಪ್ಪಾದುದನ್ನು ಆರಿಸಿ, ತಿದ್ದಿಕೊಳ್ಳದೆ ಮುಂದೆ ಹೋದವನ ಮನಸ್ಸಿನಲ್ಲಿ ಆ ತಪ್ಪೇ ನೆಲೆಯೂರುವ ಸಂಭವವಿದೆ.

ಅಂತರಜಾಲವು ಈ ಸಾಧನವನ್ನು ವಿಸ್ತಾರಗೊಳಿಸಿದೆ. ಜೊತೆಗೆ ಹೊಸ ತೊಡಕನ್ನೂ ತಂದಿದೆ. ಅಮೆರಿಕದಲ್ಲಿ ಅನೇಕ ಪಠ್ಯಗ್ರಂಥಗಳ ಸ್ವಯಂ ಪರೀಕ್ಷೆಗಳನ್ನು ತೆರೆಯಬೇಕಾದರೆ ಹೊಸ ಪುಸ್ತಕದೊಡನೆ ಬರುವ ಗುಪ್ತಸಂಕೇತವೊಂದು ಬೇಕು. ಒಮ್ಮೆ ಬಳಸಿದ ಸಂಕೇತವು ಮತ್ತೊಬ್ಬರಿಗೆ ಉಪಯೋಗವಾಗದು. ಹೀಗಾಗಿ ಹಣವಿಲ್ಲದೆ ಹಳೆಯ ಪುಸ್ತಕವನ್ನು ಕೊಂಡ ವಿದ್ಯಾರ್ಥಿಗೆ ಪಾಠವು ದೊರೆಯುತ್ತದೆಯೇ ಹೊರತು ಪರೀಕ್ಷೆಯು ದೊರೆಯುವುದಿಲ್ಲ. ಈ ಅಸಮಾನತೆಗೆ ಪರಿಹಾರವನ್ನು ಹುಡುಕಿದವರೂ ಇದ್ದಾರೆ. ಹ್ಯೂಸ್ಟನ್ ನಗರದ ರೈಸ್ ವಿಶ್ವವಿದ್ಯಾನಿಲಯದ ಓಪನ್‌ಸ್ಟ್ಯಾಕ್ಸ್ ಎಂಬ ಯೋಜನೆಯು 2012ರಿಂದ ಭೌತಶಾಸ್ತ್ರ, ಸಮಾಜಶಾಸ್ತ್ರ, ಜೀವಶಾಸ್ತ್ರ ಮೊದಲಾದ ವಿಷಯಗಳ ಪಠ್ಯಗ್ರಂಥಗಳನ್ನು ಅಭ್ಯಾಸದ ಪ್ರಶ್ನೆಗಳ ಸಹಿತವಾಗಿ ಅಂತರಜಾಲದಲ್ಲಿ ಉಚಿತವಾಗಿ ಒದಗಿಸುತ್ತಿದೆ.

ಸಾಧನಗಳು ಎಷ್ಟೇ ಸುಧಾರಿಸಿದರೂ ಒಂದು ಮಾತು ಮಾತ್ರ ಬದಲಾಗಿಲ್ಲ. ಉತ್ತರಗಳ ಪುಟವನ್ನು ಮೊದಲೇ ತೆರೆದು ನೋಡಿ, ಇದು ತನಗೆ ಗೊತ್ತೇ ಇತ್ತು ಎಂದು ತಲೆದೂಗುವವನನ್ನು ತಡೆಯಬಲ್ಲ ಪುಸ್ತಕವಾಗಲಿ ಯಂತ್ರವಾಗಲಿ ಇಲ್ಲ. ಶಾಲೆಯ ಪರೀಕ್ಷೆಯಲ್ಲಿ ನಕಲು ಮಾಡುವವನು ಪರರನ್ನು ವಂಚಿಸುತ್ತಾನೆ. ಸ್ವಯಂ ಪರೀಕ್ಷೆಯಲ್ಲಿ ಹಾಗೆ ಮಾಡುವವನಿಗೆ ವಂಚಿಸಲು ತಾನಲ್ಲದೆ ಬೇರೆ ಯಾರೂ ಇಲ್ಲ. ಪುಸ್ತಕವನ್ನು ಮುಚ್ಚಿ, ಪ್ರಶ್ನೆಗೆ ತನ್ನ ಮಾತಿನಲ್ಲಿ ಉತ್ತರವನ್ನು ಬರೆದು, ಆ ಮೇಲೆ ಪುಟವನ್ನು ತೆರೆಯುವುದು, ತಪ್ಪಿದ್ದಲ್ಲಿ ಗುರುತು ಹಾಕಿ ಆ ಭಾಗವನ್ನು ಮತ್ತೆ ಓದುವುದು, ಕೆಲವು ದಿನಗಳನ್ನು ಬಿಟ್ಟು ಅದೇ ಪ್ರಶ್ನೆಗೆ ಮರಳುವುದು - ಇಷ್ಟಕ್ಕೆ ಬೇಕಾಗುವುದು ಒಂದು ಹಾಳೆ, ಒಂದು ಪೆನ್ಸಿಲು ಮತ್ತು ಪ್ರಾಮಾಣಿಕತೆ. ತನಗೆ ತಿಳಿಯದುದನ್ನು ತಾನೇ ಗುರುತಿಸಿ ಒಪ್ಪಿಕೊಳ್ಳಬಲ್ಲವನು ಕಲಿಕೆಯ ಹಾದಿಯಲ್ಲಿ ಬಹುದೂರ ಸಾಗಿದ್ದಾನೆಂದೇ ಹೇಳಬೇಕು.