ಏರ್ ಫಿಲ್ಟರ್ ಬದಲಿಸಿದರೆ ಕಾರಿನ ಪವರ್ ಮತ್ತು ಮೈಲೇಜ್ ಹೆಚ್ಚುತ್ತದೆಯೇ? ಮೈಸೂರಿನ ಲೆಕ್ಕದಲ್ಲಿ ನೋಡೋಣ

ಸಾರಾಂಶ

ಸಣ್ಣ ಪೆಟ್ರೋಲ್ ಕಾರಿಗೆ ಹೊರಗಿನ ಕಂಪನಿಯ ‘ಪರ್ಫಾರ್ಮೆನ್ಸ್’ ಏರ್ ಫಿಲ್ಟರ್ ಅಥವಾ ಪೂರ್ತಿ ಏರ್ ಇನ್‌ಟೇಕ್ ಕಿಟ್ ಹಾಕಿಸಿದರೆ ಪವರ್ 10 ಎಚ್‌ಪಿ ಏರುತ್ತದೆ, ಮೈಲೇಜ್ ಕೂಡ ಹೆಚ್ಚುತ್ತದೆ ಎಂಬ ಮಾತು ಚಾಲ್ತಿಯಲ್ಲಿದೆ. ನಾವು ಇದನ್ನು ಪರಿಶೀಲಿಸಿದೆವು. ಟರ್ಬೊ ಇಲ್ಲದ ಸಣ್ಣ ಎಂಜಿನ್‌ಗಳ ಮಟ್ಟಿಗೆ ಈ ಮಾತು ಬಹುಪಾಲು ತಪ್ಪು. ಸದ್ದು ಖಂಡಿತ ಬದಲಾಗುತ್ತದೆ. ಪವರ್‌ನಲ್ಲಿ ಆಗುವ ವ್ಯತ್ಯಾಸ ತೀರಾ ಚಿಕ್ಕದು, ಮೈಲೇಜ್‌ನಲ್ಲಿ ಇಲ್ಲವೆನ್ನುವಷ್ಟು. ತಪ್ಪು ಕಿಟ್ ಆರಿಸಿದರೆ ಧೂಳು ಮತ್ತು ನೀರು ಎಂಜಿನ್ ಒಳಗೆ ಹೋಗುವ ಅಪಾಯವಿದೆ.

ಜನ ಹೇಳುವುದೇನು?

ಮೈಸೂರಿನಲ್ಲಿ ಕಾರು ಕೊಂಡ ಹೊಸತರಲ್ಲಿ ಆಕ್ಸೆಸರಿ ಅಂಗಡಿಗೆ ಹೋದವರಿಗೆ ಸೀಟ್ ಕವರ್, ಮ್ಯಾಟ್ ಜೊತೆಗೆ ಈ ಸಲಹೆಯೂ ಸಿಗುವುದುಂಟು: ‘ಕಂಪನಿ ಫಿಲ್ಟರ್ ಗಾಳಿಯನ್ನು ತಡೆಯುತ್ತದೆ. ಅದನ್ನು ತೆಗೆದು ಇದನ್ನು ಹಾಕಿದರೆ ಎಂಜಿನ್ ಚೆನ್ನಾಗಿ ಉಸಿರಾಡುತ್ತದೆ.’ ಹೀಗೆ ಮಾರುವ ವಸ್ತುಗಳಲ್ಲಿ ಮುಖ್ಯವಾಗಿ ಮೂರು ಬಗೆ ಇವೆ.

ಒಂದು, ಕಂಪನಿಯ ಡಬ್ಬಿಯೊಳಗೇ ಕೂರುವ, ತೊಳೆದು ಮತ್ತೆ ಬಳಸಬಹುದಾದ ಹತ್ತಿ ಬಟ್ಟೆಯ ಚಪ್ಪಟೆ ಫಿಲ್ಟರ್. ಎರಡು, ಡಬ್ಬಿಯನ್ನೇ ತೆಗೆದುಹಾಕಿ ಪೈಪ್‌ನ ತುದಿಗೆ ಸಿಕ್ಕಿಸುವ ಕೋನ್ ಆಕಾರದ ಫಿಲ್ಟರ್. ಮೂರು, ಉದ್ದನೆಯ ಪೈಪ್ ಮೂಲಕ ಫಿಲ್ಟರ್ ಅನ್ನು ಬಂಪರ್ ಹಿಂದಕ್ಕೆ ಒಯ್ಯುವ ‘ಕೋಲ್ಡ್ ಏರ್ ಇನ್‌ಟೇಕ್’. ಕಂಪನಿಯ ಕಾಗದದ ಫಿಲ್ಟರ್‌ಗೆ ಸಾಮಾನ್ಯವಾಗಿ ಕೆಲವು ನೂರು ರೂಪಾಯಿ ಸಾಕು. ಹೆಸರುವಾಸಿ ಕಂಪನಿಗಳ ಹತ್ತಿ ಫಿಲ್ಟರ್‌ಗೆ ಕೆಲವು ಸಾವಿರ ಬೇಕು, ಪೂರ್ತಿ ಕಿಟ್‌ಗೆ ಇನ್ನೂ ಹೆಚ್ಚು. ಇಷ್ಟು ಹಣ ಕೊಡುವ ಮೊದಲು ಲೆಕ್ಕ ಮಾಡಿ ನೋಡುವುದು ಒಳ್ಳೆಯದು.

ಎಂಜಿನ್‌ಗೆ ಎಷ್ಟು ಗಾಳಿ ಬೇಕು?

ಪೆಟ್ರೋಲ್ ತಾನಾಗಿ ಉರಿಯುವುದಿಲ್ಲ, ಅದಕ್ಕೆ ಗಾಳಿಯ ಆಮ್ಲಜನಕ ಬೇಕು. ಒಂದು ಕಿಲೋ ಪೆಟ್ರೋಲ್ ಪೂರ್ತಿಯಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕಾಗುತ್ತದೆ. ಎಥನಾಲ್ ಬೆರೆತ ಪೆಟ್ರೋಲ್‌ಗೆ ತುಸು ಕಡಿಮೆ ಸಾಕು. ಒಂದು ಲೀಟರ್ ಪೆಟ್ರೋಲ್‌ನ ತೂಕ ಮುಕ್ಕಾಲು ಕಿಲೋ ಎಂದಿಟ್ಟುಕೊಂಡರೆ, ಪ್ರತಿ ಲೀಟರ್‌ಗೆ ಸುಮಾರು 11 ಕಿಲೋ ಗಾಳಿ. ಅಂದರೆ ಹತ್ತಿರ ಹತ್ತಿರ 10,000 ಲೀಟರ್ ಗಾಳಿ. ಲೀಟರ್‌ಗೆ 18 ಕಿ.ಮೀ. ಕೊಡುವ ಕಾರು 10,000 ಕಿ.ಮೀ. ಓಡುವಷ್ಟರಲ್ಲಿ ಸುಮಾರು 55 ಲಕ್ಷ ಲೀಟರ್ ಗಾಳಿಯನ್ನು ಎಳೆದುಕೊಂಡಿರುತ್ತದೆ. ಅಷ್ಟೂ ಗಾಳಿ ಹಾದುಹೋಗುವುದು ಅದೊಂದು ಫಿಲ್ಟರ್ ಮೂಲಕ.

ನಮ್ಮ ರಸ್ತೆಗಳಲ್ಲಿ ಸಾಮಾನ್ಯವಾಗಿ ಕಾಣುವ 1.2 ಲೀಟರ್ ಎಂಜಿನ್ ಅನ್ನೇ ತೆಗೆದುಕೊಳ್ಳೋಣ. ನಾಲ್ಕು ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೆ ಒಮ್ಮೆ ತನ್ನ ಪೂರ್ತಿ ಗಾತ್ರದಷ್ಟು ಗಾಳಿಯನ್ನು ಒಳಗೆಳೆಯುತ್ತದೆ. ನಿಮಿಷಕ್ಕೆ 6,000 ಸುತ್ತು ತಿರುಗುವಾಗ ಹೆಚ್ಚೆಂದರೆ 3,600 ಲೀಟರ್. ಆಕ್ಸಿಲರೇಟರ್ ಪೂರ್ತಿ ಒತ್ತಿ, ಎಂಜಿನ್ ಕೂಗುವಾಗಿನ ಮಾತು ಇದು. ಕಂಪನಿಯ ಎಂಜಿನಿಯರ್‌ಗಳು ಫಿಲ್ಟರ್ ಮತ್ತು ಡಬ್ಬಿಯ ಅಳತೆಯನ್ನು ಈ ಗರಿಷ್ಠ ಬೇಡಿಕೆಗೆ ತಕ್ಕಂತೆಯೇ ಮಾಡಿರುತ್ತಾರೆ. ದೇವರಾಜ ಅರಸು ರಸ್ತೆಯಲ್ಲಿ ಎರಡನೇ ಗೇರ್‌ನಲ್ಲಿ ಹೋಗುವಾಗ ಎಂಜಿನ್ ಇದರ ಒಂದು ಸಣ್ಣ ಪಾಲು ಗಾಳಿಯನ್ನು ಮಾತ್ರ ಕೇಳುತ್ತದೆ.

10 ಎಚ್‌ಪಿ ಎಲ್ಲಿಂದ ಬರಬೇಕು?

ಮೈಸೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿದೆ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ 101 ಕಿಲೋಪ್ಯಾಸ್ಕಲ್ ಇದ್ದರೆ ಇಲ್ಲಿ ಸುಮಾರು 92. ಟರ್ಬೊ ಇಲ್ಲದ ಎಂಜಿನ್‌ಗೆ ಗಾಳಿಯನ್ನು ಒಳಗೆ ತಳ್ಳುವುದು ಈ ಒತ್ತಡವೇ. ಫಿಲ್ಟರ್ ಎಷ್ಟೇ ಒಳ್ಳೆಯದಾದರೂ, ಅದನ್ನು ಕಿತ್ತೇ ಹಾಕಿದರೂ, ಒಳಗೆ ಹೋಗುವ ಗಾಳಿಯ ಒತ್ತಡವನ್ನು ಹೊರಗಿನದಕ್ಕಿಂತ ಹೆಚ್ಚು ಮಾಡಲು ಅದರಿಂದಾಗದು. ಕಳೆದುಹೋಗುತ್ತಿದ್ದ ಒತ್ತಡದಲ್ಲಿ ಸ್ವಲ್ಪವನ್ನು ಅದು ಉಳಿಸಬಹುದು, ಅಷ್ಟೇ.

ಹೊಸ ಫಿಲ್ಟರ್‌ನಿಂದ 1 ಕಿಲೋಪ್ಯಾಸ್ಕಲ್ ಒತ್ತಡ ಉಳಿಯಿತು ಎಂದುಕೊಳ್ಳೋಣ. 92ರಲ್ಲಿ 1 ಎಂದರೆ ಶೇ 1ರ ಆಸುಪಾಸು. 90 ಎಚ್‌ಪಿ ಎಂಜಿನ್‌ಗೆ ಸಿಗುವುದು ಒಂದು ಎಚ್‌ಪಿಗಿಂತ ಕಡಿಮೆ ಅಥವಾ ಅಷ್ಟೇ. ಅದೂ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಮಾತ್ರ. 10 ಎಚ್‌ಪಿ ಬರಬೇಕಾದರೆ ಸುಮಾರು 10 ಕಿಲೋಪ್ಯಾಸ್ಕಲ್ ಉಳಿಯಬೇಕು. ಅಂದರೆ ಕಂಪನಿಯ ಫಿಲ್ಟರ್ ಒಂದೇ ಅಷ್ಟು ಒತ್ತಡವನ್ನು ನುಂಗುತ್ತಿರಬೇಕು. ಸರಿಯಾಗಿರುವ ಯಾವ ಫಿಲ್ಟರ್ ಕೂಡ ಹಾಗೆ ಮಾಡುವುದಿಲ್ಲ.

ಹೋಲಿಸಿ ನೋಡಿ: ಅದೇ ಕಾರು ಮೈಸೂರಿನಿಂದ ಮಂಗಳೂರಿಗೆ ಇಳಿದರೆ ಒತ್ತಡ ಶೇ 9ರಷ್ಟು ಏರುತ್ತದೆ. ಕರಾವಳಿಯ ಸೆಖೆ ಅದರಲ್ಲಿ ಒಂದಿಷ್ಟನ್ನು ತಿಂದುಹಾಕಿದರೂ ಫಿಲ್ಟರ್ ಕೊಡುವುದಕ್ಕಿಂತ ಹೆಚ್ಚು ಲಾಭ ಬಿಟ್ಟಿಯಾಗಿ ಸಿಗುತ್ತದೆ. ಗುಂಡ್ಲುಪೇಟೆ, ಬಂಡೀಪುರ ದಾಟಿ ಊಟಿಗೆ ಹತ್ತಿದರೆ ಒತ್ತಡ ಸುಮಾರು 77 ಕಿಲೋಪ್ಯಾಸ್ಕಲ್‌ಗೆ ಇಳಿಯುತ್ತದೆ. ಘಾಟಿಯಲ್ಲಿ ಕಾರು ಏದುಸಿರು ಬಿಡುವುದಕ್ಕೆ ಚಡಾವಿನ ಜೊತೆಗೆ ಇದೂ ಕಾರಣ. ಅದಕ್ಕೆ ಫಿಲ್ಟರ್ ಮದ್ದಲ್ಲ.

ಟರ್ಬೊ ಎಂಜಿನ್‌ಗಳ ಕಥೆ ತುಸು ಬೇರೆ. ಅಲ್ಲಿ ಇಸಿಯು ಅನ್ನು ಮರುಹೊಂದಿಸಿ ಹೆಚ್ಚು ಗಾಳಿ ಕೇಳಿದಾಗ ಇನ್‌ಟೇಕ್ ಬದಲಾವಣೆಯಿಂದ ಪ್ರಯೋಜನ ಕಾಣಬಹುದು. ಬರೀ ಫಿಲ್ಟರ್ ಬದಲಿಸಿದರೆ, ಇಸಿಯು ತನಗೆ ನಿಗದಿಯಾದ ಮಿತಿಯಲ್ಲೇ ಎಂಜಿನ್ ಅನ್ನು ನಡೆಸುತ್ತದೆ.

ಮೈಲೇಜ್ ಹೆಚ್ಚುತ್ತದೆಯೇ?

ಇಲ್ಲ. ಪೆಟ್ರೋಲ್ ಕಾರಿನಲ್ಲಿ ಆಕ್ಸಿಲರೇಟರ್ ಎಂದರೆ ಗಾಳಿಯ ನಲ್ಲಿ ಇದ್ದಂತೆ. ನಿಧಾನವಾಗಿ ಹೋಗುವಾಗ ಥ್ರಾಟಲ್ ಎಂಬ ಬಿಲ್ಲೆ ದಾರಿಯನ್ನು ಬಹುಪಾಲು ಮುಚ್ಚಿರುತ್ತದೆ. ನಲ್ಲಿಯನ್ನೇ ಅರ್ಧ ತಿರುಗಿಸಿರುವಾಗ ಹಿಂದಿನ ಪೈಪ್ ದಪ್ಪ ಮಾಡಿ ಏನು ಫಲ? ಫಿಲ್ಟರ್ ಸ್ವಲ್ಪ ಹೆಚ್ಚು ತಡೆದರೆ ಥ್ರಾಟಲ್ ಕೂದಲೆಳೆಯಷ್ಟು ಹೆಚ್ಚು ತೆರೆಯುತ್ತದೆ, ಲೆಕ್ಕ ಸರಿಹೋಗುತ್ತದೆ. ಪೆಟ್ರೋಲ್ ಎಷ್ಟು ಸಿಂಪಡಿಸಬೇಕು ಎಂಬುದನ್ನು ಇಸಿಯು ಗಾಳಿಯ ಪ್ರಮಾಣ ಮತ್ತು ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ನೋಡಿ ಕ್ಷಣಕ್ಷಣಕ್ಕೂ ತಿದ್ದುತ್ತಿರುತ್ತದೆ.

ಅಮೆರಿಕದ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಇದನ್ನು ಪರೀಕ್ಷಿಸಿತ್ತು. ಆಧುನಿಕ ಫ್ಯುಯಲ್ ಇಂಜೆಕ್ಷನ್ ಕಾರುಗಳಲ್ಲಿ ಫಿಲ್ಟರ್ ಕಟ್ಟಿಕೊಂಡಿದ್ದರೂ ಮೈಲೇಜ್‌ನಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ವೇಗ ಏರುವ ಚುರುಕು ಮಾತ್ರ ಕಡಿಮೆಯಾಗಿತ್ತು. ಅಂದರೆ ಕೊಳೆ ಫಿಲ್ಟರ್ ಬದಲಿಸಿದರೆ ಕಾರು ಚುರುಕಾಗುವುದು ನಿಜ. ಆದರೆ ಆ ಕೆಲಸಕ್ಕೆ ಕಂಪನಿಯ ಕಾಗದದ ಫಿಲ್ಟರ್ ಸಾಕು. ‘ಹೊಸ ಫಿಲ್ಟರ್ ಹಾಕಿದ ಮೇಲೆ ಗಾಡಿ ಹಾರುತ್ತಿದೆ’ ಎನ್ನುವವರಲ್ಲಿ ಎಷ್ಟೋ ಮಂದಿ ಹೋಲಿಸುತ್ತಿರುವುದು ಹೊಸದನ್ನು ಹಳೆಯ ಕೊಳಕು ಫಿಲ್ಟರ್ ಜೊತೆ.

ಹಾಗಾದರೆ ಈ ನಂಬಿಕೆ ಹುಟ್ಟಿದ್ದು ಹೇಗೆ?

ಕಾರ್ಬ್ಯುರೇಟರ್ ಕಾಲದಲ್ಲಿ ಈ ಮಾತಿನಲ್ಲಿ ಸತ್ಯವಿತ್ತು. ಅಲ್ಲಿ ಇಸಿಯು ಇರಲಿಲ್ಲ. ಫಿಲ್ಟರ್ ಕಟ್ಟಿಕೊಂಡರೆ ಜೆಟ್‌ನಿಂದ ಪೆಟ್ರೋಲ್ ಹೆಚ್ಚು ಎಳೆಯಲ್ಪಡುತ್ತಿತ್ತು, ಕಪ್ಪು ಹೊಗೆ ಬರುತ್ತಿತ್ತು, ಮೈಲೇಜ್ ಇಳಿಯುತ್ತಿತ್ತು. ಮೈಸೂರಿಗೆ ಇದು ಹೊಸ ವಿಷಯವಲ್ಲ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1960ರ ದಶಕದ ಆರಂಭದಿಂದ 1996ರವರೆಗೆ ಜಾವಾ, ಯೆಜ್ಡಿ ಬೈಕುಗಳು ತಯಾರಾದವು. ಆ ಟೂ ಸ್ಟ್ರೋಕ್ ಬೈಕುಗಳಲ್ಲಿ ಫಿಲ್ಟರ್ ಬದಲಿಸಿದರೆ ಕಾರ್ಬ್ಯುರೇಟರ್‌ನ ಜೆಟ್ ಕೂಡ ಬದಲಿಸಬೇಕಿತ್ತು. ಬದಲಾವಣೆ ಕಣ್ಣಿಗೂ ಕಿವಿಗೂ ಗೊತ್ತಾಗುತ್ತಿತ್ತು. ಆ ಕಾಲದ ಅನುಭವವನ್ನು 2020ರ ಏಪ್ರಿಲ್ 1ರ ನಂತರದ ಬಿಎಸ್-6 ಕಾರಿಗೆ ಅನ್ವಯಿಸಿದರೆ ಹೊಂದುವುದಿಲ್ಲ.

ಇನ್ನೊಂದು ಕಾರಣ ಸದ್ದು. ಕಂಪನಿಯ ಡಬ್ಬಿ ಗಾಳಿಯ ಸದ್ದನ್ನು ಅಡಗಿಸುವ ಕೆಲಸವನ್ನೂ ಮಾಡುತ್ತದೆ. ಅದನ್ನು ತೆಗೆದರೆ ಎಂಜಿನ್ ಗಾಳಿ ಎಳೆಯುವ ‘ಗುರ್’ ಸದ್ದು ನೇರವಾಗಿ ಕೇಳುತ್ತದೆ. ಸದ್ದು ಜೋರಾದಾಗ ವೇಗವೂ ಹೆಚ್ಚಿದೆ ಎಂದು ಅನಿಸುವುದು ಸಹಜ. ಮೊಬೈಲ್‌ನ ಸ್ಟಾಪ್‌ವಾಚ್ ಹಾಗೆ ಮೋಸಹೋಗುವುದಿಲ್ಲ.

ಕೋನ್ ಫಿಲ್ಟರ್‌ನಿಂದ ಪವರ್ ಕಡಿಮೆಯೂ ಆಗಬಹುದು

ಕಂಪನಿಯ ಡಬ್ಬಿಯ ಮೂತಿ ಸಾಮಾನ್ಯವಾಗಿ ಮುಂದಿನ ಗ್ರಿಲ್ ಕಡೆಗಿದ್ದು ಹೊರಗಿನ ತಂಪು ಗಾಳಿಯನ್ನು ಎಳೆಯುತ್ತದೆ. ತೆರೆದ ಕೋನ್ ಫಿಲ್ಟರ್ ಬಾನೆಟ್ ಕೆಳಗಿನ ಬಿಸಿಗಾಳಿಯನ್ನೇ ಎಳೆಯುತ್ತದೆ. ಗಾಳಿ ಬಿಸಿಯಾದಂತೆ ಹಗುರವಾಗುತ್ತದೆ: ಪ್ರತಿ 3 ಡಿಗ್ರಿಗೆ ಸುಮಾರು ಶೇ 1. ಹೊರಗೆ 30 ಡಿಗ್ರಿ, ಬಾನೆಟ್ ಒಳಗೆ 60 ಡಿಗ್ರಿ ಇದ್ದರೆ ಗಾಳಿಯ ಸಾಂದ್ರತೆ ಶೇ 9ರಷ್ಟು ಕಡಿಮೆ. ಫಿಲ್ಟರ್‌ನಿಂದ ಬಂದ ಶೇ 1 ಇಲ್ಲಿ ಹಲವು ಪಟ್ಟು ಕೈಬಿಟ್ಟು ಹೋಗುತ್ತದೆ. ದಸರಾ ಸಮಯದ ಟ್ರಾಫಿಕ್‌ನಲ್ಲಿ ನಿಂತು ನಿಂತು ಸಾಗುವ ಕಾರಿಗೆ ಇದು ನೇರವಾಗಿ ಅನ್ವಯಿಸುತ್ತದೆ.

ಧೂಳು: ಅಸಲಿ ನಷ್ಟ ಇಲ್ಲಿದೆ

ಫಿಲ್ಟರ್‌ನ ಮೊದಲ ಕೆಲಸ ಧೂಳು ತಡೆಯುವುದು. ನಮ್ಮ ಕೆಂಪು ಮಣ್ಣಿನಲ್ಲಿ, ಗ್ರಾನೈಟ್ ಪುಡಿಯಲ್ಲಿ ಕ್ವಾರ್ಟ್ಸ್ ಎಂಬ ಗಟ್ಟಿ ಖನಿಜ ಇರುತ್ತದೆ. ಇದು ಉಕ್ಕಿನ ಚಾಕುವನ್ನೂ ಗೀರಬಲ್ಲದು. ಸಿಲಿಂಡರ್ ಗೋಡೆ ಮತ್ತು ಪಿಸ್ಟನ್ ರಿಂಗ್ ನಡುವೆ ಸಿಕ್ಕಿಕೊಂಡರೆ ಉಪ್ಪುಕಾಗದದಂತೆ ಉಜ್ಜುತ್ತದೆ. ವರ್ಷಗಳ ನಂತರ ಎಂಜಿನ್ ಆಯಿಲ್ ಕುಡಿಯಲು ಶುರುಮಾಡಿದಾಗ ಮಾತ್ರ ಇದು ತಿಳಿಯುತ್ತದೆ.

ಒಂದು ಫಿಲ್ಟರ್ ಶೇ 99ರಷ್ಟು, ಇನ್ನೊಂದು ಶೇ 97ರಷ್ಟು ಧೂಳು ತಡೆಯುತ್ತದೆ ಎಂದಿಟ್ಟುಕೊಳ್ಳಿ. ಕೇಳಲು ವ್ಯತ್ಯಾಸ ಬರೀ 2. ಆದರೆ 100 ಗ್ರಾಂ ಧೂಳಿನಲ್ಲಿ ಮೊದಲನೆಯದು 1 ಗ್ರಾಂ ಬಿಟ್ಟರೆ, ಎರಡನೆಯದು 3 ಗ್ರಾಂ ಬಿಡುತ್ತದೆ. ಅಂದರೆ ಮೂರು ಪಟ್ಟು. ರಿಂಗ್ ರಸ್ತೆಯ ಆಚೆಗಿನ ಡಾಂಬರು ಕಾಣದ ಬಡಾವಣೆಗಳಲ್ಲಿ, ಹಳ್ಳಿ ರಸ್ತೆಗಳಲ್ಲಿ ಓಡುವ ಕಾರಿಗೆ ಇದು ಸಣ್ಣ ಸಂಗತಿಯಲ್ಲ. ಗಾಳಿ ಸುಲಭವಾಗಿ ಹೋಗಬೇಕು, ಧೂಳು ಹೋಗಬಾರದು ಎಂಬ ಎರಡು ಆಸೆಗಳು ಒಂದಕ್ಕೊಂದು ಎದುರಾಳಿಗಳು.

ಹತ್ತಿ ಫಿಲ್ಟರ್‌ಗೆ ಹಚ್ಚುವ ಎಣ್ಣೆಯ ಬಗ್ಗೆಯೂ ಎಚ್ಚರ ಬೇಕು. ಕಡಿಮೆಯಾದರೆ ಧೂಳು ನಿಲ್ಲುವುದಿಲ್ಲ. ಅತಿಯಾದರೆ ಕೆಲವು ಕಾರುಗಳಲ್ಲಿರುವ ಗಾಳಿ ಅಳೆಯುವ ಸೆನ್ಸರ್ ಮೇಲೆ ಕೂತು ಅಳತೆ ತಪ್ಪಿಸಬಹುದು.

ಮಳೆಗಾಲದ ಅಪಾಯ

ಬಂಪರ್ ಹಿಂದೆ, ಕೆಳಮಟ್ಟದಲ್ಲಿ ಫಿಲ್ಟರ್ ಇಡುವ ಕಿಟ್‌ಗಳು ನಿಂತ ನೀರಿನಲ್ಲಿ ಗಾಳಿಯ ಬದಲು ನೀರನ್ನೇ ಎಳೆಯಬಹುದು. ಗಾಳಿಯಂತೆ ನೀರು ಕುಗ್ಗುವುದಿಲ್ಲ. ಪಿಸ್ಟನ್ ಮೇಲೇರುವಾಗ ಸಿಲಿಂಡರ್‌ನಲ್ಲಿ ನೀರಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಎಂಜಿನ್ ಬಿಚ್ಚಲೇಬೇಕಾಗುತ್ತದೆ. 2019ರ ಆಗಸ್ಟ್‌ನಲ್ಲಿ ಕಪಿಲೆ ಉಕ್ಕಿದಾಗ ನಂಜನಗೂಡಿನ ಮಲ್ಲನಮೂಲೆ ಮಠದ ಬಳಿ ಹೆದ್ದಾರಿಯೇ ಮುಳುಗಿತ್ತು. ಇಂಥ ಹಾನಿಗೆ ಸಾಮಾನ್ಯ ವಿಮೆಯಲ್ಲಿ ಹಣ ಸಿಗುವುದು ಕಷ್ಟ. ‘ಎಂಜಿನ್ ಪ್ರೊಟೆಕ್ಟ್’ ಎಂಬ ಹೆಚ್ಚುವರಿ ರಕ್ಷಣೆ ಬೇಕಾಗುತ್ತದೆ. ಮಾರ್ಪಾಡನ್ನು ವಿಮಾ ಕಂಪನಿಗೆ ತಿಳಿಸದಿದ್ದರೆ ಅಲ್ಲೂ ತಕರಾರು ಬರಬಹುದು.

ಕಾನೂನು ಏನು ಹೇಳುತ್ತದೆ?

ತಯಾರಕರು ನಿಗದಿಪಡಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸಜೆ ಅಥವಾ ಎರಡೂ ಆಗಬಹುದು. ಅದೇ ಡಬ್ಬಿಯಲ್ಲಿ ಅದೇ ಅಳತೆಯ ಫಿಲ್ಟರ್ ಹಾಕುವುದು ಬಿಡಿಭಾಗ ಬದಲಿಸಿದಂತೆ. ಡಬ್ಬಿಯನ್ನೇ ಕಿತ್ತು ಸದ್ದು ಹೆಚ್ಚಿಸುವುದು ತಕರಾರಿಗೆ ದಾರಿ. ಅನುಮಾನವಿದ್ದರೆ ನಿಮ್ಮ ಕಾರು ಕೆಎ-09 ಅಥವಾ ಕೆಎ-55, ಯಾವ ಆರ್‌ಟಿಒ ವ್ಯಾಪ್ತಿಯದೋ ಅಲ್ಲಿ ಮೊದಲೇ ಕೇಳಿ. ವಾರಂಟಿ ಇನ್ನೂ ಇದ್ದರೆ ಸರ್ವಿಸ್ ಸೆಂಟರ್‌ನಲ್ಲೂ ವಿಚಾರಿಸಿ.

ಆದರೂ ಹಾಕಿಸಬೇಕು ಎಂದಿದ್ದರೆ ಏನು ನೋಡಬೇಕು?

• ಕಂಪನಿಯ ಡಬ್ಬಿಯೊಳಗೇ ಕೂರುವ ಚಪ್ಪಟೆ ಫಿಲ್ಟರ್ ಆರಿಸಿ. ನಿಮ್ಮ ಮಾಡೆಲ್ ಮತ್ತು ವರ್ಷಕ್ಕೆ ಅದೇ ಪಾರ್ಟ್ ನಂಬರ್ ಇರಲಿ.
• ಐಎಸ್ಒ 5011 ಪರೀಕ್ಷೆಯ ಅಂಕಿ ಕೇಳಿ. ಗಾಳಿಯ ಹರಿವಿನ ಅಂಕಿಯಷ್ಟೇ ಸಾಲದು, ಎಷ್ಟು ಶೇಕಡಾ ಧೂಳು ತಡೆಯುತ್ತದೆ ಎಂಬ ಅಂಕಿಯೂ ಬೇಕು.
• ಅಂಚಿನ ರಬ್ಬರ್ ಎಲ್ಲ ಕಡೆ ಬಿಗಿಯಾಗಿ ಕೂರುತ್ತದೆಯೇ ನೋಡಿ. ಸಣ್ಣ ಸಂದಿ ಇದ್ದರೂ ಧೂಳು ಅಲ್ಲಿಂದಲೇ ನುಗ್ಗುತ್ತದೆ.
• ತೊಳೆದ ಫಿಲ್ಟರ್ ಪೂರ್ತಿ ಒಣಗಿದ ಮೇಲೆ, ಹೇಳಿದ ಅಳತೆಯಷ್ಟೇ ಎಣ್ಣೆ ಹಚ್ಚಿ. ಕಾಗದದ ಫಿಲ್ಟರ್ ಅನ್ನು ಎಂದೂ ತೊಳೆಯಬೇಡಿ.
• ಪವರ್ ಹೆಚ್ಚುತ್ತದೆ ಎನ್ನುವವರ ಬಳಿ ಪರೀಕ್ಷೆಯ ವಿವರ ಕೇಳಿ. ಬಾನೆಟ್ ತೆರೆದು, ಎದುರು ಫ್ಯಾನ್ ಇಟ್ಟು ಅಳೆದ ಅಂಕಿ ರಸ್ತೆಯ ಮೇಲೆ ನಿಲ್ಲುವುದಿಲ್ಲ.

ತೀರ್ಮಾನ

ಫಿಲ್ಟರ್ ಅಥವಾ ಇನ್‌ಟೇಕ್ ಬದಲಿಸಿದರೆ ಸಣ್ಣ ಕಾರಿನ ಪವರ್ 10 ಎಚ್‌ಪಿ ಏರುತ್ತದೆ, ಮೈಲೇಜ್ ಹೆಚ್ಚುತ್ತದೆ ಎಂಬ ಹೇಳಿಕೆ ಬಹುಪಾಲು ತಪ್ಪು. ಕೊಳೆಯಾದ ಫಿಲ್ಟರ್ ತೆಗೆದು ಹೊಸದು ಹಾಕಿದರೆ ಕಾರು ಚುರುಕಾಗುತ್ತದೆ ಎಂಬುದು ಸರಿ. ಸದ್ದಿಗಾಗಿ ಹಾಕಿಸುವುದು ಅವರವರ ಇಷ್ಟ, ಆದರೆ ಪವರ್‌ಗೆಂದು ದುಡ್ಡು ಕೊಡಬೇಡಿ. ಕಾರಿನ ಕೈಪಿಡಿಯಲ್ಲಿ ಹೇಳಿದ ಅಂತರದಲ್ಲಿ, ಧೂಳಿನ ರಸ್ತೆಯಲ್ಲಿ ಓಡಾಡುವವರಾದರೆ ಅದಕ್ಕಿಂತ ಬೇಗ, ಕಂಪನಿಯ ಫಿಲ್ಟರ್ ಬದಲಿಸಿ. ಟೈರ್‌ಗೆ ಸರಿಯಾದ ಗಾಳಿ ತುಂಬಿಸಿ. ಉಳಿದ ಹಣದಲ್ಲಿ ಸವೆದ ಟೈರ್ ಅಥವಾ ಬ್ರೇಕ್ ಪ್ಯಾಡ್ ಬದಲಿಸಿದರೆ ಕಾರಿಗೂ ಒಳ್ಳೆಯದು, ಒಳಗೆ ಕೂತವರಿಗೂ ಒಳ್ಳೆಯದು.